‘ಅಪ್‌ಡೇಟ್ ಯಾವಾಗ?’ ಅಂತ ಕೇಳುವ ಮುಂಚೆ

ನಮಸ್ಕಾರ ಗೆಳೆಯರೇ. ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ.

ದಿನಾಂಕಗಳನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಪುಟ್ಟ ಲೈಬ್ರರಿ (ಬೇರೆಯವರೂ ತಮ್ಮ ಪ್ರೋಗ್ರಾಂಗೆ ಸೇರಿಸಿಕೊಳ್ಳಬಹುದಾದ ಕೋಡ್) ಬರೆದು, ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ಗೆ ಹಾಕಿದ್ದೆ. ಹಾಕಿದ ದಿನ ಏನು ಸಂಭ್ರಮ! ಗೊತ್ತಿದ್ದ ಡೆವಲಪರ್‌ಗಳಿಗೆಲ್ಲ ಲಿಂಕ್ ಕಳಿಸಿದೆ. ಕೆಲವು ತಿಂಗಳ ಮೇಲೆ ಯಾಕೋ ಅದರಲ್ಲಿನ ಒಂದು ಫಂಕ್ಷನ್‌ನ (ಹೆಸರು ಹಿಡಿದು ಕರೆಯುವ ಕೋಡ್ ತುಣುಕು) ಹೆಸರು ಸರಿಬರಲಿಲ್ಲ, ಬದಲಿಸಿದೆ. ಆವೃತ್ತಿ ಸಂಖ್ಯೆ 1.2.3 ಇದ್ದದ್ದು 1.2.4 ಆಯಿತು. ಬದಲಾವಣೆಗಳ ಪಟ್ಟಿಯಾದ ಚೇಂಜ್‌ಲಾಗ್‌ನಲ್ಲಿ ಬರೆದದ್ದು ಒಂದೇ ಸಾಲು: ‘ಸಣ್ಣಪುಟ್ಟ ಸುಧಾರಣೆಗಳು’. ಮರುದಿನ ಬೆಳಿಗ್ಗೆ ನೋಡಿದರೆ ನಾಲ್ಕು ಇಶ್ಯೂಗಳು, ಅಂದರೆ ದೂರುಗಳು. ಹಳೆಯ ಹೆಸರು ಸಿಗದೆ ನಾಲ್ವರ ಬಿಲ್ಡ್ (ಕೋಡ್‌ನಿಂದ ಓಡುವ ಪ್ರೋಗ್ರಾಂ ತಯಾರಿಸುವ ಹಂತ) ಕೆಟ್ಟು ಕೂತಿತ್ತು.

ಆ ಮೂರು ಅಂಕೆಗಳು ಸುಮ್ನೆ ಚೆಂದಕ್ಕೆ ಇರುವುದಲ್ಲ, ಅಲ್ವಾ? ಆವೃತ್ತಿಗೆ ಸಂಖ್ಯೆ ಕೊಡುವ ಸೆಮ್ಯಾಂಟಿಕ್ ವರ್ಷನಿಂಗ್ ಅನ್ನುವ ಪದ್ಧತಿಯ ಲೆಕ್ಕದಲ್ಲಿ ಕೊನೆಯ ಅಂಕೆ ಏರಿದರೆ ಬರೀ ಬಗ್ ಸರಿಮಾಡಿದ್ದು. ನಡುವಿನದು ಏರಿದರೆ ಹೊಸದೇನೋ ಸೇರಿದೆ, ಹಳೆಯದು ಹಾಗೇ ಇದೆ. ಮೊದಲನೆಯದು ಏರಿದರೆ ಹುಷಾರು, ನಿಮ್ಮ ಕೋಡ್‌ಗೂ ಕೈ ಹಾಕಬೇಕಾಗಬಹುದು. ನಾನು 2.0.0 ಅನ್ನಬೇಕಾದ ಕಡೆ 1.2.4 ಅಂದಿದ್ದೆ. ನನ್ನ ಮಾತು ನಂಬಿದವರೇ ಪೆಟ್ಟು ತಿಂದರು.

ಪ್ರಾಜೆಕ್ಟ್ ಹಂಚಿಕೊಂಡವರು ದಿನಾ ಅಪ್‌ಡೇಟ್ ಕೊಡಬೇಕು ಅಂತ ನಾನು ಹೇಳುವುದಿಲ್ಲ. ಅದು ಈಗ ಯಾವ ಸ್ಥಿತಿಯಲ್ಲಿದೆ ಅನ್ನುವುದನ್ನು ಮಾತ್ರ ನಿಜ ಹೇಳಬೇಕು. ನಾವು ಮಾಡುವುದು ಉಲ್ಟಾ. ಹಂಚಿದವರು ಬಾಯಿ ಬಿಡುವುದಿಲ್ಲ, ಬಳಸುವವರು ‘ಅಪ್‌ಡೇಟ್ ಯಾವಾಗ?’ ಅಂತ ಪೀಡಿಸುತ್ತಾರೆ.

ಈ ಪೀಡನೆ ಎಲ್ಲಿಗೆ ಮುಟ್ಟುತ್ತದೆ ಅನ್ನುವುದಕ್ಕೆ ಎಕ್ಸ್‌ಝಡ್ ಯೂಟಿಲ್ಸ್ ಕಥೆ ನೋಡಿ. ಫೈಲ್‌ಗಳನ್ನು ಕುಗ್ಗಿಸುವ ಸಾಧನ, ಹೆಚ್ಚುಕಡಿಮೆ ಎಲ್ಲ ಲಿನಕ್ಸ್ ಆಪರೇಟಿಂಗ್ ಸಿಸ್ಟಂಗಳಲ್ಲೂ ಇರುತ್ತದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡಿದ್ದು ಮುಖ್ಯವಾಗಿ ಒಬ್ಬರೇ, ಅದೂ ಸಂಬಳವಿಲ್ಲದೆ. 2022ರಲ್ಲಿ ಕೆಲವರು ಬೆನ್ನುಬಿದ್ದರು: ಕೆಲಸ ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ ಅಂತ. ತಮಗೆ ಮಾನಸಿಕ ಆರೋಗ್ಯದ ತೊಂದರೆ ಇದೆ, ಇದು ಹವ್ಯಾಸಕ್ಕೆ ಮಾಡುವ ಕೆಲಸ ಅಂತ ಅವರು ಬಿಡಿಸಿ ಹೇಳಿದರು. ಅಷ್ಟರಲ್ಲಾಗಲೇ ಜಿಯಾ ಟಾನ್ ಅನ್ನುವ ಹೆಸರಿನಲ್ಲಿ ಒಬ್ಬರು ನೆರವಿಗೆ ಬಂದಿದ್ದರು. ತಾಳ್ಮೆಯಿಂದ ಪ್ಯಾಚ್ (ಕೋಡ್ ತಿದ್ದುಪಡಿ) ಕಳಿಸಿ ನಂಬಿಕೆ ಗಳಿಸಿದರು, ಬೀಗದ ಕೈಯೂ, ಅಂದರೆ ಹೊಸ ಆವೃತ್ತಿ ಬಿಡುಗಡೆ ಮಾಡುವ ಅಧಿಕಾರವೂ ಸಿಕ್ಕಿತು. 2024ರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು, ಅಂದರೆ ಕದ್ದು ಒಳನುಗ್ಗುವ ದಾರಿ, ಕೂತಿತ್ತು. ಅದನ್ನು ಚಾಲೂ ಮಾಡುವ ತುಣುಕು ಎಲ್ಲರೂ ಕೋಡ್ ನೋಡುವ ಗಿಟ್‌ನಲ್ಲೇ ಇರಲಿಲ್ಲ, ಬಿಡುಗಡೆ ಮಾಡಿದ ಟಾರ್‌ಬಾಲ್‌ನಲ್ಲಿ (ಡೌನ್‌ಲೋಡ್‌ಗೆ ಕೊಡುವ ಫೈಲ್‌ಗಳ ಕಟ್ಟು) ಮಾತ್ರ ಇತ್ತು. ಸೋರ್ಸ್ ಕೋಡ್ ಎಲ್ಲರಿಗೂ ಕಾಣುತ್ತದೆ ಅಂತ ಬೀಗುವ ನಮಗೆ ಇದು ಸರಿಯಾಗೇ ಚುರುಕು ಮುಟ್ಟಿಸಿತು.

ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ಆಂಡ್ರೆಸ್ ಫ್ರಾಯ್ಂಡ್ ಅನ್ನುವ ಇಂಜಿನಿಯರ್‌ಗೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಸೇರಿಕೊಳ್ಳುವ ವಿಧಾನ) ಲಾಗಿನ್ ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆ ಅನಿಸಿತು. ಅರ್ಧ ಸೆಕೆಂಡ್! ನಾನಾಗಿದ್ದರೆ ನೆಟ್‌ವರ್ಕ್ ಸರಿಯಿಲ್ಲ ಅಂತ ಬೈದು ಕಾಫಿಗೆ ಎದ್ದು ಹೋಗುತ್ತಿದ್ದೆ. ಅವರು ಅದರ ಬೆನ್ನುಹತ್ತಿ ಹಿಂಬಾಗಿಲನ್ನು ಕಂಡುಹಿಡಿದರು. ಮಾರ್ಚ್ 29ಕ್ಕೆ ಎಲ್ಲರ ಮುಂದಿಟ್ಟರು.

2022ರಲ್ಲಿ ಬೆನ್ನುಬಿದ್ದವರಲ್ಲಿ ಕೆಲವು ಖಾತೆಗಳೇ ನಕಲಿ ಇರಬಹುದು ಅನ್ನುವ ಅನುಮಾನ ಇವತ್ತಿಗೂ ಇದೆ. ಇರಲಿ. ಆದರೆ ಅವರ ಮಾತಿನ ಧಾಟಿ ಯಾರಿಗೂ ವಿಚಿತ್ರ ಅನಿಸಲಿಲ್ಲ ನೋಡಿ. ಯಾಕೆಂದರೆ ನಾವೂ ಹಾಗೇ ಮಾತಾಡುತ್ತೇವೆ.

ಪ್ರಾಜೆಕ್ಟ್ ಸಾಕಾಯಿತಾ? ಸಾಕಾಯಿತು ಅನ್ನಿ. ಗಿಟ್‌ಹಬ್‌ನಲ್ಲಿ ಆರ್ಕೈವ್ ಅಂತ ಒಂದು ಆಯ್ಕೆ ಇದೆ, ಒತ್ತಿದರೆ ರೆಪೊ (ಪ್ರಾಜೆಕ್ಟ್‌ನ ಕೋಡ್ ಇರುವ ಜಾಗ) ಓದುವುದಕ್ಕೆ ಮಾತ್ರ ಉಳಿಯುತ್ತದೆ. ಬೇಕಾದವರು ಫೋರ್ಕ್ ಮಾಡಿಕೊಂಡು, ಅಂದರೆ ತಮ್ಮದೇ ಪ್ರತಿ ತೆಗೆದುಕೊಂಡು, ಮುಂದುವರಿಸುತ್ತಾರೆ, ಲೈಸೆನ್ಸ್ ಇರುವುದೇ ಅದಕ್ಕೆ. ಲೈಸೆನ್ಸ್ ಫೈಲ್ ಹಾಕುವುದನ್ನೇ ಮರೆತವರೂ ಇದ್ದಾರೆ, ಅದು ಇನ್ನೊಂದು ದಿನದ ಜಗಳ.

ನನ್ನ ಲೈಬ್ರರಿಯ ಪರಿಚಯದ ಫೈಲ್ ಆದ ರೀಡ್‌ಮಿಯಲ್ಲಿ ಈಗ ಮೊದಲ ಸಾಲು ಹೀಗಿದೆ: ‘ಇದನ್ನು ನಾನು ನೋಡಿಕೊಳ್ಳುತ್ತಿಲ್ಲ. 1.2.4 ಬಳಸಬೇಡಿ. ಚಾಲ್ತಿಯಲ್ಲಿರುವ ಫೋರ್ಕ್ ಇಲ್ಲಿದೆ.’ ಆ ಫೋರ್ಕ್ ನಡೆಸುತ್ತಿರುವುದು, ಅವತ್ತು ಬಿಲ್ಡ್ ಕೆಟ್ಟು ನನಗೆ ಬೈದಿದ್ದ ನಾಲ್ವರಲ್ಲಿ ಒಬ್ಬರು.