ಹೊಸ ಫರ್ಮ್‌ವೇರ್ ಹಾಕಿದ ಮೇಲೆ ರೂಟರ್ ಏಳದಿದ್ದರೆ

ಕೇಳುಗರಿಗೆ ನಮಸ್ಕಾರ. ತಯಾರಕರು ಹೊಸ ಫರ್ಮ್‌ವೇರ್ (ರೂಟರ್ ಅನ್ನು ನಡೆಸುವ ಒಳಗಿನ ತಂತ್ರಾಂಶ) ಕೊಡುವುದನ್ನು ನಿಲ್ಲಿಸಿದ ಮೇಲೂ ಮನೆಯ ರೂಟರ್‌ನ ಹಾರ್ಡ್‌ವೇರ್ ಹಲವು ವರ್ಷ ಚೆನ್ನಾಗಿಯೇ ಇರುತ್ತದೆ. ಅಂಥ ರೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿಯಂಥ ಮುಕ್ತ ತಂತ್ರಾಂಶವನ್ನು ಹಾಕಿಕೊಂಡರೆ ಭದ್ರತಾ ತಿದ್ದುಪಡಿಗಳು ಮುಂದೆಯೂ ಸಿಗುತ್ತವೆ. ಲಿಂಕ್‌ಸಿಸ್ ಸಂಸ್ಥೆಯು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಷರತ್ತಿಗೆ ಅನುಗುಣವಾಗಿ ತನ್ನ ಡಬ್ಲ್ಯುಆರ್‌ಟಿ54ಜಿ ರೂಟರ್‌ನ ಸೋರ್ಸ್ ಕೋಡ್ ಅನ್ನು 2003ರಲ್ಲಿ ಬಿಡುಗಡೆ ಮಾಡಿತು. ಅದನ್ನು ಆಧರಿಸಿ 2004ರಲ್ಲಿ ಆರಂಭವಾದ ಯೋಜನೆಯೇ ಓಪನ್‌ಡಬ್ಲ್ಯುಆರ್‌ಟಿ. ಆದರೆ ಫರ್ಮ್‌ವೇರ್ ಬದಲಿಸುವಾಗ ಎಲ್ಲೋ ತಪ್ಪಿ, ದೀಪ ಮಾತ್ರ ಮಿನುಗುತ್ತ ಯಾವ ಪುಟವೂ ತೆರೆಯದೆ ಹೋದಾಗ, ರೂಟರ್ ಸತ್ತೇಹೋಯಿತೆಂದು ಅನೇಕರು ಅದನ್ನು ಮೂಲೆಗೆ ಹಾಕುತ್ತಾರೆ. ಹಾಗೆ ಮೂಲೆ ಸೇರಿದವುಗಳಲ್ಲಿ ಎಷ್ಟೋ ರೂಟರ್‌ಗಳನ್ನು ಬದುಕಿಸಬಹುದು ಎಂಬುದು ನನ್ನ ದೃಢವಾದ ನಂಬಿಕೆ.

ಮೊದಲು ನೋಡಬೇಕಾದದ್ದು ರೂಟರ್‌ನ ಅಡಿಯಲ್ಲಿ ಅಂಟಿಸಿರುವ ಚೀಟಿಯನ್ನು. ಒಂದೇ ಹೆಸರಿನಲ್ಲಿ ಮಾರಾಟವಾಗುವ ರೂಟರ್‌ನ ವಿ1, ವಿ2 ಎಂಬ ಆವೃತ್ತಿಗಳ ಒಳಗೆ ಬೇರೆ ಬೇರೆ ಚಿಪ್‌ಗಳಿರಬಹುದು. ಒಂದರ ಫೈಲ್ ಇನ್ನೊಂದಕ್ಕೆ ಹೊಂದುವುದಿಲ್ಲ. ತಯಾರಕರ ಫರ್ಮ್‌ವೇರ್‌ನಿಂದ ಮೊದಲ ಬಾರಿಗೆ ಬದಲಾಗುವವರಿಗೆ ಸಾಮಾನ್ಯವಾಗಿ ಫ್ಯಾಕ್ಟರಿ ಎಂಬ ಹೆಸರಿನ ಫೈಲ್ ಬೇಕು. ಸಿಸ್‌ಅಪ್‌ಗ್ರೇಡ್ ಫೈಲ್ ಇರುವುದು ಆಗಲೇ ಓಪನ್‌ಡಬ್ಲ್ಯುಆರ್‌ಟಿ ಇರುವ ರೂಟರ್‌ಗೆ. ಇಳಿಸಿಕೊಂಡ ಫೈಲ್ ಕೆಟ್ಟಿಲ್ಲವೆಂದು ತಿಳಿಯಲು, ಅದರ ಬೆರಳಚ್ಚಿನಂತಿರುವ ಎಸ್‌ಎಚ್‌ಎ-256 ಮೊತ್ತವನ್ನು ಪ್ರಕಟಿತ ಮೊತ್ತದೊಂದಿಗೆ ಹೋಲಿಸುವ ಕೆಲಸ ಒಂದು ನಿಮಿಷದ್ದು, ಅದನ್ನು ಬಿಡಬಾರದು. 4 ಎಂಬಿ ಫ್ಲ್ಯಾಶ್ (ಫರ್ಮ್‌ವೇರ್ ಉಳಿಯುವ ಸ್ಮೃತಿ) ಮತ್ತು 32 ಎಂಬಿ ರ್‍ಯಾಮ್ ಮಾತ್ರ ಇರುವ ಹಳೆಯ ರೂಟರ್‌ಗಳಿಗೆ ಈಗಿನ ಬಿಡುಗಡೆಗಳು ಹಿಡಿಸುವುದಿಲ್ಲ.

ಎಲ್ಲವೂ ಸರಿಯಾಗಿ ನಡೆದಿದ್ದರೂ ಕೆಟ್ಟುಹೋದಂತೆ ಕಾಣುವ ಸಂದರ್ಭವೂ ಉಂಟು. ಓಪನ್‌ಡಬ್ಲ್ಯುಆರ್‌ಟಿ ಹೊಸದಾಗಿ ಸ್ಥಾಪನೆಯಾದಾಗ ಬಹುತೇಕ ರೂಟರ್‌ಗಳಲ್ಲಿ ವೈಫೈ ಆಫ್ ಆಗಿಯೇ ಇರುತ್ತದೆ. ಫೋನಿನಲ್ಲಿ ವೈಫೈ ಹೆಸರನ್ನು ಹುಡುಕುತ್ತ ಕೂತವರಿಗೆ ಅದು ಕಾಣಿಸುವುದಿಲ್ಲ. ಕಂಪ್ಯೂಟರ್‌ನ ವೈಫೈ ಆಫ್ ಮಾಡಿ, ರೂಟರ್‌ನ ಲ್ಯಾನ್ ಪೋರ್ಟ್‌ಗೆ ಕೇಬಲ್ ಸಿಕ್ಕಿಸಿ, 192.168.1.1 ವಿಳಾಸವನ್ನು ತೆರೆಯಬೇಕು. ಹಾಕಿದ್ದು ಸ್ನ್ಯಾಪ್‌ಶಾಟ್ (ಇನ್ನೂ ಅಭಿವೃದ್ಧಿಯಲ್ಲಿರುವ ಆವೃತ್ತಿ) ಆಗಿದ್ದರೆ ಅದರಲ್ಲಿ ಸಾಮಾನ್ಯವಾಗಿ ಲೂಸಿ ಎಂಬ ಬ್ರೌಸರ್ ಪುಟವೇ ಇರುವುದಿಲ್ಲ. ಎಸ್‌ಎಸ್‌ಎಚ್ (ಕಂಪ್ಯೂಟರ್‌ನಿಂದ ರೂಟರ್‌ಗೆ ಆಜ್ಞೆಗಳನ್ನು ಟೈಪ್ ಮಾಡಿ ಕಳಿಸುವ ವಿಧಾನ) ಮೂಲಕ ಒಳಹೊಕ್ಕು ಅದನ್ನು ಸೇರಿಸಿಕೊಳ್ಳಬೇಕಾಗುತ್ತದೆ.

ಇಷ್ಟಾದರೂ ಉತ್ತರ ಬಾರದಿದ್ದರೆ ಬೂಟ್‌ಲೋಡರ್ ಕಡೆಗೆ, ಅಂದರೆ ಫರ್ಮ್‌ವೇರ್ ಅನ್ನು ಎಬ್ಬಿಸುವ ಚಿಕ್ಕ ಪ್ರೋಗ್ರಾಂ ಕಡೆಗೆ, ತಿರುಗಬೇಕು. ಫ್ಲ್ಯಾಶ್ ಸ್ಮೃತಿಯಲ್ಲಿ ಅದಕ್ಕೆ ಪ್ರತ್ಯೇಕ ಭಾಗವಿದೆ; ನಾವು ಮಾಮೂಲಿಯಾಗಿ ಬರೆಯುವ ಫರ್ಮ್‌ವೇರ್ ಆ ಭಾಗವನ್ನು ಮುಟ್ಟುವುದಿಲ್ಲ. ಆದ್ದರಿಂದ ಫರ್ಮ್‌ವೇರ್ ಪೂರ್ತಿ ಹಾಳಾಗಿದ್ದರೂ ವಿದ್ಯುತ್ ಕೊಟ್ಟ ಕ್ಷಣದಲ್ಲಿ ಬೂಟ್‌ಲೋಡರ್ ಏಳುತ್ತದೆ, ಮತ್ತು ಹಲವು ಮಾದರಿಗಳಲ್ಲಿ ರಿಸೆಟ್ ಗುಂಡಿಯನ್ನು ಒತ್ತಿಹಿಡಿದು ವಿದ್ಯುತ್ ಕೊಟ್ಟರೆ ಅದು ಟಿಎಫ್‌ಟಿಪಿ ಎಂಬ ಸರಳ ಫೈಲ್ ವರ್ಗಾವಣೆಯ ವಿಧಾನದಲ್ಲಿ ಹೊಸ ಫೈಲ್ ಅನ್ನು ಕೇಳುತ್ತದೆ. ಟಿಪಿ-ಲಿಂಕ್‌ನ ಕೆಲವು ಮಾದರಿಗಳು 192.168.0.66 ವಿಳಾಸದ ಕಂಪ್ಯೂಟರ್‌ನಿಂದ, ನಿಗದಿತ ಹೆಸರಿನ ಫೈಲ್ ಅನ್ನೇ ಕೇಳುತ್ತವೆ; ಹೆಸರಿನ ಒಂದಕ್ಷರ ತಪ್ಪಿದರೂ ಕೆಲಸವಾಗುವುದಿಲ್ಲ. ಇಲ್ಲಿ ಸೋಲುವವರು ಹೆಚ್ಚಾಗಿ ಸೋಲುವುದು ಎರಡು ಕಾರಣಗಳಿಂದ. ಕಂಪ್ಯೂಟರ್‌ನ ಫೈರ್‌ವಾಲ್ ಯುಡಿಪಿ 69ನೇ ಪೋರ್ಟ್‌ಗೆ ಬಂದ ಕೋರಿಕೆಯನ್ನು ತಡೆಯುತ್ತದೆ. ಇಲ್ಲವೇ, ರೂಟರ್ ಆಫ್ ಆದಾಗ ಕಂಪ್ಯೂಟರ್‌ನ ಕೇಬಲ್ ಸಂಪರ್ಕವೂ ಕಡಿದು, ಅದು ಮತ್ತೆ ಎಚ್ಚೆತ್ತುಕೊಳ್ಳುವಷ್ಟರಲ್ಲಿ ಬೂಟ್‌ಲೋಡರ್ ಕಾಯುವ ಕೆಲವೇ ಸೆಕೆಂಡುಗಳು ಮುಗಿದುಹೋಗಿರುತ್ತವೆ. ಎರಡರ ನಡುವೆ ಒಂದು ಸಾಧಾರಣ ಈಥರ್‌ನೆಟ್ ಸ್ವಿಚ್ ಇಟ್ಟರೆ ಕಂಪ್ಯೂಟರ್‌ನ ಕಡೆಯ ಸಂಪರ್ಕ ಕಡಿಯುವುದೇ ಇಲ್ಲ. ರೂಟರ್ ಯಾವ ವಿಳಾಸವನ್ನು ಹುಡುಕುತ್ತಿದೆ ಎಂಬುದು ಗೊತ್ತಿಲ್ಲದಿದ್ದರೆ ಜಾಲದಲ್ಲಿ ಓಡಾಡುವ ಮಾಹಿತಿಯನ್ನು ತೋರಿಸುವ ವೈರ್‌ಶಾರ್ಕ್ ತಂತ್ರಾಂಶವನ್ನು ಕಂಪ್ಯೂಟರ್‌ನಲ್ಲಿ ತೆರೆದಿಟ್ಟು ರೂಟರ್ ಆನ್ ಮಾಡಿರಿ. ‘ಈ ವಿಳಾಸ ಯಾರದು’ ಎಂದು ಕೇಳಲು ಅದು ಕಳುಹಿಸುವ ಎಆರ್‌ಪಿ ಕೋರಿಕೆಯಲ್ಲಿ ಆ ವಿಳಾಸ ಸ್ಪಷ್ಟವಾಗಿ ಕಾಣುತ್ತದೆ. ಊಹೆಯ ಮೇಲೆ ಗಂಟೆಗಟ್ಟಲೆ ಗುಂಡಿ ಒತ್ತುವುದಕ್ಕಿಂತ ಈ ಒಂದು ಪರೀಕ್ಷೆ ಎಷ್ಟೋ ಮೇಲು.

ಫರ್ಮ್‌ವೇರ್ ಸರಿಯಾಗಿದ್ದು, ನಾವೇ ಮಾಡಿದ ಯಾವುದೋ ಸೆಟ್ಟಿಂಗ್‌ನಿಂದ ರೂಟರ್‌ಗೆ ಪ್ರವೇಶ ತಪ್ಪಿಹೋಗಿದ್ದರೆ ಇಷ್ಟು ಶ್ರಮ ಬೇಕಿಲ್ಲ. ಆನ್ ಆಗುವಾಗ ದೀಪದ ಮಿನುಗು ಬದಲಾಗುವ ಹೊತ್ತಿಗೆ ಗುಂಡಿಯನ್ನು ಒತ್ತಿದರೆ ಫೇಲ್‌ಸೇಫ್ ಸ್ಥಿತಿ ಬರುತ್ತದೆ. ಅದು ಉಳಿಸಿಟ್ಟ ಸೆಟ್ಟಿಂಗ್‌ಗಳನ್ನು ಪಕ್ಕಕ್ಕಿಟ್ಟು ಏಳುವುದರಿಂದ, ಕಂಪ್ಯೂಟರ್‌ಗೆ 192.168.1.2ರಂಥ ವಿಳಾಸವನ್ನು ನಾವೇ ಕೊಟ್ಟು ಎಸ್‌ಎಸ್‌ಎಚ್‌ನಲ್ಲಿ ಒಳಹೋಗಿ, ತಪ್ಪಿದ್ದನ್ನು ತಿದ್ದಬಹುದು ಅಥವಾ ಫಸ್ಟ್‌ಬೂಟ್ ಆಜ್ಞೆಯಿಂದ ಎಲ್ಲ ಸೆಟ್ಟಿಂಗ್‌ಗಳನ್ನೂ ಅಳಿಸಬಹುದು.

ರೂಟರ್ ಎದ್ದಿದೆ, ಇಂಟರ್‌ನೆಟ್ ಮಾತ್ರ ಇಲ್ಲ ಎಂಬ ದೂರಿಗೆ ಕಾರಣ ಹಲವು ಬಾರಿ ವಿಳಾಸಗಳ ಘರ್ಷಣೆ. ಮುಂದಿರುವ ಮೋಡೆಮ್ ಕೂಡ 192.168.1.1 ಆಗಿದ್ದರೆ ರೂಟರ್‌ನ ಎರಡೂ ಬದಿ ಒಂದೇ ಜಾಲದಂತೆ ಕಂಡು ದಾರಿ ತಪ್ಪುತ್ತದೆ. ಲ್ಯಾನ್ ವಿಳಾಸವನ್ನು 192.168.2.1ಕ್ಕೆ ಬದಲಿಸಿದರೆ ಸಾಕು.

ಯಾವುದಕ್ಕೂ ಮಣಿಯದ ರೂಟರ್‌ಗೆ ಸೀರಿಯಲ್ ಸಂಪರ್ಕವೊಂದು ಉಳಿದಿರುತ್ತದೆ. ಪೆಟ್ಟಿಗೆ ಬಿಚ್ಚಿ 3.3 ವೋಲ್ಟ್‌ನ ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಜೋಡಿಸಬೇಕು, ವೇಗ ಸಾಮಾನ್ಯವಾಗಿ 115200 ಬಾಡ್. ಗ್ರೌಂಡ್‌ಗೆ ಗ್ರೌಂಡ್ ಸೇರಿಸಿ, ಟಿಎಕ್ಸ್ (ಕಳಿಸುವ) ಮತ್ತು ಆರ್‌ಎಕ್ಸ್ (ಪಡೆಯುವ) ತಂತಿಗಳನ್ನು ಅದಲುಬದಲು, ಒಂದರ ಟಿಎಕ್ಸ್ ಇನ್ನೊಂದರ ಆರ್‌ಎಕ್ಸ್‌ಗೆ ಸೇರುವಂತೆ, ಜೋಡಿಸಿರಿ. ವಿದ್ಯುತ್ ಕೊಡುವ ವಿಸಿಸಿ ತಂತಿಯನ್ನು ಸೇರಿಸದಿರಿ. ಬೂಟ್‌ಲೋಡರ್‌ನ ಆಜ್ಞಾಸಾಲು ಸಿಕ್ಕಿದಾಗ ಅವಸರದಲ್ಲಿ ಇಡೀ ಫ್ಲ್ಯಾಶ್ ಅಳಿಸಲು ಹೋಗದಿರಿ. ವೈಫೈ ರೇಡಿಯೊದ ಕ್ಯಾಲಿಬ್ರೇಶನ್ ಮಾಹಿತಿ ಅದರ ಒಂದು ಭಾಗದಲ್ಲಿರುತ್ತದೆ. ಅದು ಪ್ರತಿಯೊಂದು ರೂಟರ್‌ಗೂ ಕಾರ್ಖಾನೆಯಲ್ಲಿ ಬೇರೆ ಬೇರೆಯಾಗಿ ಬರೆದದ್ದು, ಇನ್ನೊಂದು ರೂಟರ್‌ನಿಂದ ತಂದು ತುಂಬಲು ಬರುವಂಥದ್ದಲ್ಲ.