ಔಷಧಿಗಾಗಿ ಊರು ಬಿಟ್ಟವರು

ಮಾನ್ಯ ಅಧ್ಯಕ್ಷರೆ, ಸಹೃದಯ ಸಭಿಕರೆ,

ಅಪಸ್ಮಾರದ ಬಗ್ಗೆ ಏರ್ಪಡಿಸಿರುವ ಈ ಸಭೆಯಲ್ಲಿ ಗಾಂಜಾದ ಹೆಸರೆತ್ತಿದರೆ ಕೆಲವರು ಹುಬ್ಬು ಗಂಟಿಕ್ಕುವುದು ಸಹಜ. ಆದರೆ 2013ರ ನಂತರ ಅಮೆರಿಕದ ನಾನಾ ರಾಜ್ಯಗಳ ಅನೇಕ ಕುಟುಂಬಗಳು ಮನೆ, ನೌಕರಿ, ನೆಂಟರಿಷ್ಟರನ್ನೆಲ್ಲ ಬಿಟ್ಟು ಗಾಂಜಾದ ಔಷಧಿ ಸಿಗುತ್ತಿದ್ದ ಕೊಲೊರಾಡೊ ರಾಜ್ಯಕ್ಕೆ ಹೋಗಿ ನೆಲೆಸಿದ್ದು ಅಮಲಿಗಾಗಿ ಅಲ್ಲ, ಯಾವ ಮಾತ್ರೆಗೂ ಫಿಟ್ಸ್ ನಿಲ್ಲದ ತಮ್ಮ ಮಕ್ಕಳಿಗಾಗಿ. ಔಷಧಿ ರೋಗಿಯ ಬಳಿಗೆ ಬರಬೇಕೇ ಹೊರತು ರೋಗಿಯೇ ಔಷಧಿ ಇರುವ ಕಡೆಗೆ ಗುಳೆ ಹೋಗಬಾರದು ಎಂಬುದು ನನ್ನ ವಾದ. ಇದನ್ನು ಇನ್ನೊಂದೆರಡು ಸಲ ಹೇಳುತ್ತೇನೆ, ದಯವಿಟ್ಟು ಸಹಿಸಿಕೊಳ್ಳಬೇಕು.

ಕೊಲೊರಾಡೊದ ಪುಟ್ಟ ಹುಡುಗಿ ಷಾರ್ಲಟ್ ಫಿಗಿಯ ಕಥೆ ನಿಮಗೆ ಗೊತ್ತು. ಆದರೂ ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗದು. ಮೂರು ತಿಂಗಳ ಕೂಸಿಗೆ ಶುರುವಾದ ಸೆಳೆತ, ಡ್ರಾವೆ ಸಿಂಡ್ರೋಮ್ ಎಂಬ ತೀವ್ರ ಬಗೆಯ ಅಪಸ್ಮಾರದ ಹೆಸರು ಪಡೆದು, ಐದನೆಯ ವಯಸ್ಸಿಗೆ ವಾರಕ್ಕೆ ಮುನ್ನೂರರ ಹತ್ತಿರ ಬಂದಿತ್ತು. ನಡಿಗೆ, ಮಾತು, ಊಟ ಎಲ್ಲವೂ ಹೋಗಿದ್ದವು. ಹೃದಯ ನಿಂತರೆ ಮತ್ತೆ ಬಡಿಸುವ ಯತ್ನ ಬೇಡವೆಂದು ಹೆತ್ತವರು ಸಹಿಯನ್ನೂ ಹಾಕಿದ್ದರು. ಆಗ ಅದೇ ರಾಜ್ಯದ ಗಾಂಜಾ ಬೆಳೆಗಾರರಾದ ಸ್ಟ್ಯಾನ್ಲಿ ಸಹೋದರರ ಬಳಿ, ಗಾಂಜಾದಲ್ಲಿರುವ ಅಮಲೇರಿಸದ ಅಂಶವಾದ ಸಿಬಿಡಿ ಹೆಚ್ಚಿದ್ದು ಅಮಲೇರಿಸುವ ಟಿಎಚ್‌ಸಿ ತೀರ ಕಡಿಮೆಯಿದ್ದ ಒಂದು ತಳಿ ಸಿಕ್ಕಿತು. ಸೇದಿದರೆ ಏನೂ ಏರದ ಈ ಗಿಡವನ್ನು ಬೆಳೆಗಾರರು ‘ಹಿಪ್ಪಿಗಳ ನಿರಾಸೆ’ ಎಂದು ಕರೆಯುತ್ತಿದ್ದರಂತೆ! ಹಿಪ್ಪಿಗಳಿಗೆ ಬೇಡವಾದ ಅದರ ಎಣ್ಣೆಯ ಹನಿಗಳು ಮಗುವಿನ ನಾಲಿಗೆಯ ಕೆಳಗೆ ಬಿದ್ದ ಮೇಲೆ ಸೆಳೆತಗಳು ತಿಂಗಳಿಗೆ ಎರಡು ಮೂರಕ್ಕೆ ಇಳಿದವು. 2013ರ ಆಗಸ್ಟ್‌ನಲ್ಲಿ ಭಾರತೀಯ ಮೂಲದ ವೈದ್ಯ ಸಂಜಯ್ ಗುಪ್ತಾ ಇದನ್ನು ಸಿಎನ್ಎನ್‌ನಲ್ಲಿ ತೋರಿಸಿದರು, ವಲಸೆ ಶುರುವಾಯಿತು.

ಹಾಗೆ ಬಂದವರ ಪಾಡು ನೋಡಿ. ಕೊಲೊರಾಡೊದ ಮತದಾರರು 2000ದಲ್ಲೇ ವೈದ್ಯಕೀಯ ಬಳಕೆಗೆ ಒಪ್ಪಿಗೆ ಕೊಟ್ಟಿದ್ದರೂ, 1970ರ ಕೇಂದ್ರ ಕಾನೂನು ಗಾಂಜಾವನ್ನು ಹೆರಾಯಿನ್ ಇರುವ, ಅತಿ ಕಟ್ಟುನಿಟ್ಟಿನ ಮೊದಲನೆಯ ಪಟ್ಟಿಯಲ್ಲೇ ಇಟ್ಟಿತ್ತು. ಮಗುವಿಗೆ ಗಾಂಜಾದ ಔಷಧಿ ಪಡೆಯುವ ಕಾರ್ಡ್ ಸಿಗಬೇಕಾದರೆ ಇಬ್ಬರು ವೈದ್ಯರ ಶಿಫಾರಸು ಬೇಕು, ಅಲ್ಲಿಯ ನಿವಾಸಿಯೂ ಆಗಿರಬೇಕು. ವಿಮೆ ಕೈತಪ್ಪಬಾರದೆಂದು ತಂದೆ ಹಳೆಯ ಊರಿನಲ್ಲೇ ಉಳಿದು, ತಾಯಿ ಮಗು ಮಾತ್ರ ಬಂದ ಮನೆಗಳುಂಟು. ಹಬ್ಬಕ್ಕೆ ಅಜ್ಜಿಯ ಮನೆಗೆ ಹೊರಟರೆ ಸೀಸೆಯನ್ನು ಏನು ಮಾಡುವುದು? ಪೂರ್ವದ ಗಡಿ ದಾಟಿ ಕಾನ್ಸಾಸ್‌ಗೆ ಕಾಲಿಟ್ಟ ಕೂಡಲೇ ಔಷಧಿ ಆಗ ಕಳ್ಳಮಾಲಾಗುತ್ತಿತ್ತು. ಊರು ಬಿಡಲು ಹಣವಿಲ್ಲದವರಿಗೆ ಈ ಕಷ್ಟದ ಆಯ್ಕೆಯೂ ಇರಲಿಲ್ಲ. ಅದಕ್ಕೇ ಹೇಳಿದ್ದು, ಔಷಧಿ ರೋಗಿಯ ಬಳಿಗೆ ಬರಬೇಕು.

ಇಲ್ಲಿ ನನ್ನ ಪಕ್ಷಕ್ಕೆ ಅಷ್ಟು ಹಿತವಲ್ಲದ ಒಂದು ಸಂಗತಿಯನ್ನೂ ಹೇಳಬೇಕು. 2015ರಲ್ಲಿ ಕೊಲೊರಾಡೊದ ವೈದ್ಯರು 75 ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದಾಗ, ಫಿಟ್ಸ್ ಅರ್ಧಕ್ಕಿಂತ ಹೆಚ್ಚು ತಗ್ಗಿತೆಂದು ಹೇಳಿದವರು ಮೊದಲಿನಿಂದಲೂ ಅಲ್ಲೇ ಇದ್ದ ಕುಟುಂಬಗಳಲ್ಲಿ ಶೇಕಡಾ 22, ವಲಸೆ ಬಂದವರಲ್ಲಿ ಶೇಕಡಾ 47. ಎಣ್ಣೆಗೆ ಮಗು ಎಲ್ಲಿಂದ ಬಂದಿದೆಯೆಂಬುದು ತಿಳಿಯದು. ಆದರೆ ಮನೆ ಮಾರಿ ಬಂದ ತಾಯಿಗೆ ಗುಣ ಕಾಣಲೇಬೇಕಾಗಿರುತ್ತದೆ. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಗುಳೆ ಹೋಗುವಂತೆ ಮಾಡಿದ ಕಾನೂನು ಸತ್ಯವನ್ನು ಅಳೆಯುವುದನ್ನೂ ಕಷ್ಟವಾಗಿಸಿತು ಎಂಬುದಷ್ಟೇ ನನ್ನ ಮಾತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ವಿಮೆಯ ವಿಚಾರವನ್ನು ಬಿಡುತ್ತೇನೆ. 2017ರ ನಿಯಂತ್ರಿತ ಪ್ರಯೋಗದಲ್ಲಿ ಶುದ್ಧ ಸಿಬಿಡಿ ಪಡೆದ ಡ್ರಾವೆ ಮಕ್ಕಳ ಸೆಳೆತಗಳ ಮಧ್ಯಾಂಕ ತಿಂಗಳಿಗೆ 12.4ರಿಂದ 5.9ಕ್ಕೆ ಇಳಿಯಿತು, ಹುಸಿ ಔಷಧಿ ಪಡೆದವರಲ್ಲಿ 14.9 ಇದ್ದದ್ದು 14.1 ಆಯಿತು. ಪವಾಡವಲ್ಲ, ಆದರೆ ನಿಜವಾದ ಗುಣ. ಜೊತೆಗೆ ತೂಕಡಿಕೆ, ಭೇದಿ, ಯಕೃತ್ತಿನ ತೊಂದರೆಗಳೂ ಇದ್ದವು. 2018ರ ಜೂನ್‌ನಲ್ಲಿ ಎಪಿಡಿಯೋಲೆಕ್ಸ್ ಎಂಬ ಹೆಸರಿನ ಈ ಶುದ್ಧ ಸಿಬಿಡಿ ಔಷಧಿಗೆ ಮಂಜೂರಾತಿ ಸಿಕ್ಕಿದ ಮೇಲೆ, ಈ ಮಕ್ಕಳ ಔಷಧಿ ವೈದ್ಯರ ಚೀಟಿಯೊಂದಿಗೆ ಯಾವ ರಾಜ್ಯದಲ್ಲಾದರೂ ಸಿಗುವಂತಾಯಿತು. ವರ್ಷಕ್ಕೆ ಸುಮಾರು 32,500 ಡಾಲರ್ ಎಂಬ ಆರಂಭದ ಬೆಲೆಯ ಮಾತು ಬೇರೆ. ಟಿಎಚ್‌ಸಿಯೂ ಬೇಕಾಗುವ, ನೋವಿನಿಂದ ನರಳುವ ವಯಸ್ಕರಿಗೆ ಮಾತ್ರ ಈ ದಾರಿ ತೆರೆಯಲಿಲ್ಲ. ಅವರ ವಿಚಾರವನ್ನು ಯಾರಾದರೂ ಪ್ರಶ್ನೆಯ ರೂಪದಲ್ಲಿ ಎತ್ತಿದರೆ, ಅಧ್ಯಕ್ಷರ ಅಪ್ಪಣೆಯಿದ್ದರೆ, ಖಂಡಿತ ಉತ್ತರಿಸುತ್ತೇನೆ.