ಬಾಸ್ ಕಳೆದಾಗ ಹುಟ್ಟಿದ ಮೆಟಲ್

ಎಲ್ಲರಿಗೂ ನಮಸ್ಕಾರ.

ಈಗ ಗಿಟಾರಿನಲ್ಲಿ ನುಡಿಸಿದ ರಿಫ್, ಅಂದರೆ ಮತ್ತೆ ಮತ್ತೆ ಬರುವ ಆ ಚಿಕ್ಕ ಸ್ವರಗುಚ್ಛ, ಕೇಳಿದಿರಲ್ಲ? ಆಂಪ್ಲಿಫೈಯರಿನಲ್ಲಿ, ಅಂದರೆ ಆಂಪಿನಲ್ಲಿ, ಸಿಗ್ನಲ್ ಹಿಗ್ಗಿಸುವ ಗೇನ್ ಹತ್ತರಲ್ಲಿತ್ತು, ತಗ್ಗು ಸದ್ದಿನ ಬಾಸ್ ಕೂಡ ಹತ್ತರಲ್ಲಿತ್ತು. ಮೆಟಲ್ ಸಂಗೀತ ಅಂದರೆ ಇಷ್ಟೇ ಅಲ್ವಾ ಅಂತ ಶುರುವಿನಲ್ಲಿ ನಾನೂ ಅಂದುಕೊಂಡಿದ್ದೆ. ಆದರೆ ಬಂದದ್ದು ಬರೀ ಕೆಸರು. ಒಂದು ಸ್ವರ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅನ್ನುವುದೇ ತಿಳಿಯಲಿಲ್ಲ.

ಸಿಗ್ನಲ್ ಹಿಗ್ಗಿಸುವ ಗಾಜಿನ ಕೊಳವೆ, ಅಂದರೆ ವಾಲ್ವಿಗೆ, ತಾಳಲಾರದಷ್ಟು ಸಿಗ್ನಲ್ ಬಂದರೆ ಅಲೆಯ ತಲೆ ಚಪ್ಪಟೆಯಾಗುತ್ತದೆ. ಅದೇ ಡಿಸ್ಟಾರ್ಶನ್, ನಮ್ಮ ಮಾತಿನಲ್ಲಿ ಸದ್ದು ಒಡೆಯುವುದು. ಬಾಸ್ ಜಾಸ್ತಿ ಇದ್ದರೆ ಮೊದಲು ಅದೇ ಒಡೆದು, ಉಳಿದದ್ದನ್ನೆಲ್ಲ ನುಂಗುತ್ತದೆ. ಹಾಗಾಗಿ ಒಳ್ಳೆಯ ಹೈ-ಗೇನ್ ಆಂಪ್ ಅಂದರೆ ಬಾಸನ್ನು ಎಲ್ಲಿ ಕಳೆಯಬೇಕು, ಎಲ್ಲಿ ವಾಪಸ್ ಕೊಡಬೇಕು ಅಂತ ಗೊತ್ತಿರುವ ಆಂಪ್.

ಮೊದಲು ಮಾರ್ಷಲ್ ಕಂಪನಿಯ ಆಂಪ್. 100 ವಾಟ್‌ನ 2203 ಮಾಡೆಲ್ ಬಂದದ್ದು 1975ರಲ್ಲಿ. 1981ರಲ್ಲಿ ಅದು ಜೆಸಿಎಂ800 ಸಾಲಿಗೆ ಸೇರಿತು. ಹೆಸರಿನಲ್ಲಿ ಗುಟ್ಟೇನಿಲ್ಲ, ಜಿಮ್ ಮಾರ್ಷಲ್ ಅವರ ಕಾರಿನ ನಂಬರ್ ಅದು. ಇದರಲ್ಲಿ ಒಟ್ಟು ಸದ್ದಿಗೇ ಬೇರೆ ನಾಬ್, ಅಂದರೆ ಮಾಸ್ಟರ್ ವಾಲ್ಯೂಮ್ ಇತ್ತು. ಮನೆ ಅದುರುವಷ್ಟು ಜೋರು ಮಾಡದೆಯೇ ಆಂಪಿನ ಮೊದಲ ಭಾಗವಾದ ಪ್ರೀಆಂಪ್‌ನಲ್ಲಿ ಸದ್ದು ಒಡೆಯುವಂತೆ ಮಾಡಬಹುದಿತ್ತು. ಸ್ಲೇಯರ್ ಬ್ಯಾಂಡಿನ ಕೆರಿ ಕಿಂಗ್ ಹೆಸರಲ್ಲೇ ಮುಂದೆ ಒಂದು 2203 ಬಂತು. ಆದರೂ ಇವತ್ತಿನ ಕಿವಿಗೆ ಇದರ ಗೇನ್ ಸ್ವಲ್ಪ ಕಡಿಮೆಯೇ.

ನನಗೆ ತುಂಬ ಇಷ್ಟವಾದ ಕಥೆ ಮೆಸಾ ಬೂಗಿಯದು. ಕ್ಯಾಲಿಫೋರ್ನಿಯಾದ ರಾಂಡಲ್ ಸ್ಮಿತ್ ಚಿಕ್ಕ ಫೆಂಡರ್ ಆಂಪ್‌ಗಳನ್ನು ಬಿಚ್ಚಿ ಬಲ ತುಂಬುತ್ತಿದ್ದವರು. ಆಮೇಲೆ ಒಂದು ಗೇನ್ ಹಂತದ ಮುಂದೆ ಇನ್ನೊಂದನ್ನು ಸೇರಿಸಿದರು. 80ರ ದಶಕದ ನಡುವೆ ಮಾರ್ಕ್ ಟು-ಸಿ ಪ್ಲಸ್ ಬಂತು. ಇದರಲ್ಲಿ ಬಾಸ್ ನಾಬ್ ಇರುವುದು ಡಿಸ್ಟಾರ್ಶನ್‌ಗಿಂತ ಮುಂಚೆ. ಗೊತ್ತಿದ್ದವರು ಅದನ್ನು ಸೊನ್ನೆಯ ಹತ್ತಿರ ಇಡುತ್ತಾರೆ. ಎಲ್ಲ ಒಡೆದಾದ ಮೇಲೆ ತಗ್ಗಿನಿಂದ ಎತ್ತರದವರೆಗಿನ ಸದ್ದನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಐದು ಸ್ಲೈಡರ್‌ಗಳ ಗ್ರಾಫಿಕ್ ಈಕ್ಯೂ ಬರುತ್ತದೆ. ಅಲ್ಲಿ 80 ಹರ್ಟ್ಸ್ ಸ್ಲೈಡರನ್ನು ಮೇಲೆತ್ತಿ, ನಡುವಿನದನ್ನು ಇಳಿಸಿದರೆ ಆಯ್ತು. ಕಳೆದ ಬಾಸ್ ವಾಪಸ್, ಅದೂ ಶುದ್ಧವಾಗಿ. ಮೆಟಾಲಿಕಾ ಬ್ಯಾಂಡ್ 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಆಲ್ಬಮ್‌ಗೆ ಬಳಸಿದ್ದು ಇದನ್ನೇ. ಅಂಗೈಯಂಚನ್ನು ತಂತಿಗೆ ಒತ್ತಿ ನುಡಿಸಿದಾಗ ಬರುವ ಆ ಗಟ್ಟಿ ಏಟು ನೆನಪಿದೆಯಲ್ಲ?

1987ರಲ್ಲಿ ಮೈಕ್ ಸೊಲ್ಡಾನೊ ಎಸ್ಎಲ್ಒ-100 ತಂದರು. ಒಂದು ಹಂತದ ವಾಲ್ವಿನಲ್ಲಿ ಕರೆಂಟ್ ತೀರಾ ಕಡಿಮೆ ಹರಿಯುವಂತೆ ಬೇಕಂತಲೇ ಮಾಡಿದ್ದರು. ಹಾಗಾಗಿ ಅಲೆಯ ಒಂದು ಬದಿ ಬೇಗ ಕತ್ತರಿಸಿ ಹೋಗುತ್ತದೆ. ಮಾರ್ಷಲ್‌ನಲ್ಲೂ ಈ ಯೋಚನೆ ಇತ್ತು, ಇವರು ಇನ್ನೂ ಮುಂದೆ ಹೋದರು. ಮಾರಾಟವಾದದ್ದು ಕಡಿಮೆ, ಆದರೆ ಮಕ್ಕಳು ಮರಿಗಳು ಜಾಸ್ತಿ. ಮೆಸಾದ ಡ್ಯುಯಲ್ ರೆಕ್ಟಿಫೈಯರ್‌ನ ಗೇನ್ ಭಾಗ ನೋಡಿದರೆ ಯಾರ ಮಗು ಅಂತ ಕೇಳಬೇಕಿಲ್ಲ. ಪೀವಿ ಕಂಪನಿಯ 1992ರ 5150 ಕೂಡ ಅದೇ ವಂಶದ್ದು.

5150 ಗಿಟಾರ್ ವಾದಕ ಎಡ್ಡಿ ವಾನ್ ಹೇಲನ್‌ಗಾಗಿ ಮಾಡಿದ ಆಂಪ್. ಅವರದು ಹಾರ್ಡ್ ರಾಕ್. ಆದರೆ ಹಿಡಿದುಕೊಂಡು ಬಿಡದವರು ಮೆಟಲ್‌ನವರು! ವಾನ್ ಹೇಲನ್ ಕಂಪನಿ ಬಿಟ್ಟ ಮೇಲೆ ಅದೇ ಆಂಪ್ 6505 ಆಯಿತು. ಹೆಸರು ಬದಲಾದರೂ ಕೊಳ್ಳುವವರು ಬದಲಾಗಲಿಲ್ಲ.

ವಾಲ್ವ್ ಇಲ್ಲದೆ ಮೆಟಲ್ ಇಲ್ಲ ಅನ್ನುವವರಿಗೆ ಒಂದೇ ಹೆಸರು ಹೇಳುತ್ತೇನೆ: ಪ್ಯಾಂಟೆರಾ ಬ್ಯಾಂಡಿನ ಡೈಮ್‌ಬ್ಯಾಗ್ ಡ್ಯಾರೆಲ್. ಆ ಗರಗಸದಂಥ ಸದ್ದು ರಾಂಡಲ್ ಅನ್ನುವ ಕಂಪನಿಯ (ಮೆಸಾದ ರಾಂಡಲ್ ಸ್ಮಿತ್ ಅಲ್ಲ) ಟ್ರಾನ್ಸಿಸ್ಟರ್ ಆಂಪಿನದು.

ಮತ್ತೆ ಮೆಸಾದ ಡ್ಯುಯಲ್ ರೆಕ್ಟಿಫೈಯರ್‌ಗೆ ಬಂದರೆ, ಅದರ ಬಾಸ್ ಸ್ವಲ್ಪ ಸಡಿಲ. ಅದಕ್ಕೇ ಎಷ್ಟೋ ಜನ ಆಂಪಿನ ಮುಂದೆ ಕಾಲಲ್ಲಿ ಒತ್ತುವ ಟ್ಯೂಬ್ ಸ್ಕ್ರೀಮರ್ ಪೆಡಲ್ ಇಡುತ್ತಾರೆ. ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ. ಡಿಸ್ಟಾರ್ಶನ್‌ಗಾಗಿ ಅಲ್ಲ, ಆಂಪಿಗೆ ಹೋಗುವ ಮುಂಚೆ ಬಾಸ್ ಕತ್ತರಿಸಲಿಕ್ಕೆ.

ಈಗ ಆ ಪೆಡಲ್ ಒತ್ತಿ, ಗೇನನ್ನು ಐದಕ್ಕೆ ಇಳಿಸಿ, ಮೊದಲಿನ ರಿಫ್ಫನ್ನೇ ನುಡಿಸುತ್ತೇನೆ. ದಪ್ಪ ತಂತಿಯ ಕಡೆ ಕಿವಿ ಕೊಡಿ.